ಎಂಜಲೆಲೆ ಎಣಿಸುವ ರಕ್ತಪರೀಕ್ಷೆ

ಚಳಿಜ್ವರವೆಂದರೆ ಕೊಡಗಿನ ಹಿಂದಿನ ತಲೆಮಾರಿನವರು ಅಂಜುತ್ತಿದ್ದರು. ಬೆಟ್ಟದ ತೊರೆಗಳ ತಿಳಿನೀರಿನಲ್ಲಿ ಮರಿ ಮಾಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಮಲೆನಾಡಿನಲ್ಲೆಲ್ಲ ಮಲೇರಿಯಾ ಹರಡುತ್ತಿತ್ತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಗಳ ಗೋಡೆಗೆ ಡಿಡಿಟಿ ಬಿದ್ದ ಮೇಲೆ ಹಾವಳಿ ತಗ್ಗಿತು. ಆದರೆ 1990ರ ದಶಕದಿಂದ ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಇನ್ನೊಂದು ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ, ಕಟ್ಟಡ ಕಾಮಗಾರಿಯ ತೊಟ್ಟಿಗಳಲ್ಲಿ ನೆಲೆಯೂರಿತು. ನಮ್ಮ ಎಷ್ಟೋ ಮಕ್ಕಳು ಓದುವುದು ಅಲ್ಲೇ ತಾನೆ? ರಜೆಗೆ ಬಂದ ಮಗನಿಗೆ ಜ್ವರ ಬಂದರೆ, ಅವನು ಎಲ್ಲಿಂದ ಬಂದನೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು.

ರಕ್ತವನ್ನು ಸ್ಲೈಡಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಪರೋಪಜೀವಿಗಳನ್ನು ಎಣಿಸಿದರೆ ಕಾಯಿಲೆ ಎಷ್ಟು ಬಿಗಡಾಯಿಸಿದೆ ಎಂದು ತಿಳಿಯುವುದಿಲ್ಲವೆ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ಸರಿಯಾದದ್ದೇ. ತೊಡಕು ಇರುವುದು ಫಾಲ್ಸಿಪಾರಂ ಜಾತಿಯ ಕಪಟದಲ್ಲಿ. ಅದು ಹೊಕ್ಕ ಕೆಂಪು ರಕ್ತಕಣದ ಮೈಮೇಲೆ ಅಂಟುಗುಬುಟುಗಳು ಏಳುತ್ತವೆ. ಮಳೆಗಾಲದಲ್ಲಿ ಕಾಲಿಗೆ ಜಿಗಣೆ ಕಚ್ಚಿಕೊಂಡಂತೆ ಆ ಕಣಗಳು ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುತ್ತವೆ. ಬೆರಳ ತುದಿಯಿಂದ ತೆಗೆದ ಹನಿಯಲ್ಲಿ ಅವು ಸಿಗುವುದಿಲ್ಲ. ಸ್ಲೈಡಿನಲ್ಲಿ ನಾಲ್ಕಾರು ಕಂಡರೂ ಒಳಗೆ ದಂಡೇ ಕುಳಿತಿರಬಹುದು.

ಹಾಗಾದರೆ ಎಣಿಸುವುದು ಹೇಗೆ? ಮದುವೆಗೆ ಎಷ್ಟು ಜನ ಉಂಡರೆಂದು ತಿಳಿಯಲು ಅಡುಗೆಯವರು ಹಿತ್ತಲಿನ ಎಂಜಲೆಲೆಗಳನ್ನು ಎಣಿಸುತ್ತಾರೆ. ಫಾಲ್ಸಿಪಾರಂ ಕೂಡ ಇಂಥ ಎಲೆ ಬಿಟ್ಟುಹೋಗುತ್ತದೆ. ಅದರ ಹೆಸರು ಎಚ್‌ಆರ್‌ಪಿ-2, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿರುವ ಪ್ರೋಟೀನು. ಪರೋಪಜೀವಿ ಬಲಿತು ರಕ್ತಕಣ ಒಡೆದಾಗ ಇದು ಹೊರಚೆಲ್ಲುತ್ತದೆ. ಆದ್ದರಿಂದ ರಕ್ತರಸದಲ್ಲಿ ಇದರ ಪ್ರಮಾಣ ಅಳೆದರೆ ಅಡಗಿ ಕುಳಿತವೂ ಸೇರಿ ಒಟ್ಟು ದಂಡಿನ ಅಂದಾಜು ಸಿಗುತ್ತದೆ.

ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಆಫ್ರಿಕದ ಮಲಾವಿಯಲ್ಲಿ ಮಿದುಳಿನ ಮಲೇರಿಯಾದಿಂದ ಸತ್ತರೆಂದು ನಂಬಲಾಗಿದ್ದ 31 ಮಕ್ಕಳ ಶವಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 7 ಮಕ್ಕಳ ಸಾವಿಗೆ ಕಾರಣವೇ ಬೇರೆ! ರಕ್ತದಲ್ಲಿ ಮಲೇರಿಯಾ ಇದ್ದದ್ದು ನಿಜ, ಕೊಂದದ್ದು ಅದಲ್ಲ. ಎಚ್‌ಆರ್‌ಪಿ-2 ತೀರ ಕಡಿಮೆಯಿದ್ದರೆ ವೈದ್ಯರು ಬೇರೆ ರೋಗವನ್ನೂ ಹುಡುಕಬೇಕೆಂಬ ಸೂಚನೆ ಸಿಕ್ಕಂತೆ.

ನಮ್ಮ ಕರಾವಳಿಯಲ್ಲಿ ಹೆಚ್ಚು ಕಾಣುವುದು ವೈವಾಕ್ಸ್ ಜಾತಿ. ಅದು ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಅಲ್ಲಿ ನಮ್ಮ ದೇಹದ್ದೇ ಪ್ರೋಟೀನುಗಳ ಸಾಕ್ಷ್ಯ ಬೇಕು. ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದಾಗ ಅದು ಆಂಜಿಯೋಪೊಯಟಿನ್-2 ಎಂಬುದನ್ನು ಹೊರಬಿಡುತ್ತದೆ. ಕೋಶಗಳ ಬೆಸುಗೆ ಸಡಿಲವಾಗಿ ನಾಳ ಸೋರತೊಡಗುತ್ತದೆ. ಆಫ್ರಿಕದಲ್ಲಿ ಫಾಲ್ಸಿಪಾರಂ ತಗಲಿದ ಮಕ್ಕಳನ್ನು ಪರೀಕ್ಷಿಸಿದಾಗ, ಇದು ಏರಿದವರಿಗೆ ಅಪಾಯ ಹೆಚ್ಚೆಂದು ಕಂಡುಬಂದಿದೆ. ಹ್ಯಾಪ್ಟೋಗ್ಲೋಬಿನ್ ಎಂಬುದು ಇದಕ್ಕೆ ತಿರುವುಮುರುವು. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನನ್ನು ಹಿಡಿದು ಸಾಗಿಸುತ್ತ ತಾನೇ ಖರ್ಚಾಗಿ ಇಳಿಯುತ್ತದೆ. ಆದರೆ ಮಲೇರಿಯಾ ಸದಾ ಇರುವ ಊರುಗಳಲ್ಲಿ ಆಡಿಕೊಂಡಿರುವ ಮಕ್ಕಳಲ್ಲೂ ಅದು ಕಡಿಮೆಯೇ. ಹಾಗಾಗಿ ಅದೊಂದನ್ನೇ ನೆಚ್ಚುವಂತಿಲ್ಲ.

ಇಂಥ ಅಳತೆಗಳು ಬಹುಮಟ್ಟಿಗೆ ಸಂಶೋಧನಾಲಯದಲ್ಲೇ ಇವೆ. ಹಾಸಿಗೆಯ ಬಳಿ ವೈದ್ಯರು ನೋಡುವುದು ಮಗು ಎಚ್ಚರವಿದೆಯೆ, ಫಿಟ್ಸ್ ಬಂದಿದೆಯೆ, ಉಸಿರು ಏದುತ್ತಿದೆಯೆ, ರಕ್ತದ ಸಕ್ಕರೆ ಇಳಿದಿದೆಯೆ ಎಂದು. ಇವುಗಳಲ್ಲಿ ಒಂದು ಕಂಡರೂ ತಾಯ್ತಂದೆಯರು ರಾತ್ರಿಯೆಂದು ಕಾಯಬಾರದು. ಔಷಧವೂ ಸುಧಾರಿಸಿದೆ. 2010ರಲ್ಲಿ ಪ್ರಕಟವಾದ, 5,425 ಆಫ್ರಿಕನ್ ಮಕ್ಕಳ ಪ್ರಯೋಗದಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ. 10.9 ಮಕ್ಕಳು ಸತ್ತರೆ, ಆರ್ಟಿಸುನೇಟ್ ಚುಚ್ಚುಮದ್ದು ಪಡೆದವರಲ್ಲಿ ಶೇ. 8.5. ಗೋಡೆಗೆ ಅಂಟುವ ಮೊದಲೇ ಎಳೆಯ ಪರೋಪಜೀವಿಗಳನ್ನು ಅದು ಕೊಲ್ಲುತ್ತದೆ.

ಎಚ್‌ಆರ್‌ಪಿ-2 ಮಾತ್ರ ಈಗಾಗಲೇ ಹಳ್ಳಿಗೆ ಬಂದಿದೆ. ಆಶಾ ಕಾರ್ಯಕರ್ತೆಯರು ಬೆರಳು ಚುಚ್ಚಿ ಹನಿ ಹಾಕುವ ಪಟ್ಟಿಯಲ್ಲಿ ಫಾಲ್ಸಿಪಾರಂ ಗೆರೆ ಮೂಡಿಸುವುದು ಅದೇ. ಅದು ಪ್ರಮಾಣ ಹೇಳುವುದಿಲ್ಲ, ಇದೆ ಅಥವಾ ಇಲ್ಲ ಎನ್ನುತ್ತದೆ ಅಷ್ಟೆ. ಗುಣವಾದ ಮೇಲೂ ಕೆಲವು ವಾರ ಆ ಗೆರೆ ಮೂಡಬಹುದು. ಊಟ ಮುಗಿದರೂ ಎಲೆ ಅಲ್ಲೇ ಬಿದ್ದಿರುತ್ತದಲ್ಲ! ಆಗ ಮತ್ತೆ ಮಾತ್ರೆ ನುಂಗಿಸಲು ಹೋಗದೆ, ಸ್ಲೈಡು ನೋಡಿಸಿ.