ವೇದಾವತಿ ದಂಡೆಯ ದಾಳಿಂಬೆ

1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ವೇದಾವತಿ ನದಿ ದಂಡೆಯ ನಮ್ಮಂಥ ಊರುಗಳಿಗೆ ಜೀವ ಬಂತು. ಶೇಂಗಾ ನಂಬಿ ಕೈಸುಟ್ಟುಕೊಂಡವರು ದಾಳಿಂಬೆಯತ್ತ ಹೊರಳಿದ್ದಾರೆ. ಆದರೆ ಅಕಾಲ ಮಳೆಗೆ ಸೀಳು ಬಿಟ್ಟ, ಅಂಗಮಾರಿ ರೋಗದ ಕಪ್ಪು ಚುಕ್ಕೆ ಬಿದ್ದ ಹಣ್ಣನ್ನು ವ್ಯಾಪಾರಿ ಮೂಸಿಯೂ ನೋಡುವುದಿಲ್ಲ, ತಿಪ್ಪೆಗೇ ಸುರಿಯಬೇಕು. ರಾಜ್ಯದ ದ್ರಾಕ್ಷಿ ಬೆಳೆಗಾರರಿಗೆ 2007ರಲ್ಲೇ ವೈನ್ ನೀತಿ, ವೈನ್ ಮಂಡಳಿ ಬಂದವು. ನಮಗೆ ವೈನ್ ಬೇಡ ಬಿಡಿ, ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಸೇರಿ ಒಂದು ಜ್ಯೂಸ್ ಘಟಕ, ಒಂದು ಶೈತ್ಯಾಗಾರ ಸಾಕು.

ಇನ್ನೊಂದು ಮಾತು. ರಾತ್ರಿಯಾದರೆ ಹೊಳೆಯಲ್ಲಿ ಮರಳು ತುಂಬುವ ಟ್ರ್ಯಾಕ್ಟರ್‌ಗಳದೇ ಸದ್ದು. ನೀರು ಹಿಡಿದಿಡುವುದೇ ಆ ಮರಳು. ಅದು ಖಾಲಿಯಾದರೆ ಬೋರ್‌ವೆಲ್ ಎಷ್ಟು ಆಳ ಕೊರೆಸಿದರೇನು? ತಾಲ್ಲೂಕು ಆಡಳಿತ ರಾತ್ರಿ ಗಸ್ತು ಹಾಕಲಿ.

– ಒಬ್ಬ ದಾಳಿಂಬೆ ಬೆಳೆಗಾರ, ಚಳ್ಳಕೆರೆ ತಾಲ್ಲೂಕು