ಮೊದಲು ನೀರು, ಆಮೇಲೆ ಮೀನು

ನಮ್ಮ ರಬಾಳೆಯಲ್ಲಿ ಪರಿಚಯದವರಿಗೆಲ್ಲ ಈಗ ಡಿಸ್ಕಸ್ ಮೀನಿನ ಹುಚ್ಚು. ತೊಟ್ಟಿ, ಫಿಲ್ಟರ್, ತಟ್ಟೆಯಂಥ ಆ ಚೆಂದದ ಮೀನಿನ ಜೋಡಿ, ಎಲ್ಲ ಒಂದೇ ದಿನ ಮನೆಗೆ! ನಳದ ನೀರು ತುಂಬಿಸಿ ಸಂಜೆಯೇ ಬಿಡುವುದು. ವಾರದೊಳಗೆ ಮೀನು ತೇಲುತ್ತದೆ. ಆಮೇಲೆ "ಭಾರೀ ನಾಜೂಕು ಮಾರಾಯ್ರೆ, ಅದು ಶ್ರೀಮಂತರ ಮೀನು" ಅನ್ನುವ ತೀರ್ಪು.

ನಾನೂ ಹಾಗೇ ಮೂರು ಮೀನು ಕೊಂದವನು. ಅಂಗಡಿಯವ "ಇವತ್ತೇ ಬಿಡಿ, ಏನೂ ಆಗಲ್ಲ" ಅಂದಿದ್ದ. ನಂಬಿದೆ. ತಪ್ಪು ಮೀನಿನದಲ್ಲ, ನನ್ನ ಅವಸರದ್ದು.

ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4-6 ವಾರ ಬೇಕು. ಅಲ್ಲಿವರೆಗೆ ಕ್ಲೋರಿನ್ ತೆಗೆದ ನೀರಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಖಾಲಿ ತೊಟ್ಟಿಯನ್ನೇ ಓಡಿಸಿ. ಮನೆಯವರು ನಗುತ್ತಾರೆ, ನಗಲಿ ಬಿಡಿ!

ಇದು ಅಮೆಜಾನಿನ ಬೆಚ್ಚನೆ ನೀರಿನ ಜೀವ. 28-30 ಡಿಗ್ರಿ ಬೇಕು, ಇಲ್ಲಿನ ಜನವರಿಗೂ ಹೀಟರ್ ಬೇಕು. ಗುಂಪಿನ ಮೀನು ಬೇರೆ. ಎರಡೇ ತಂದರೆ ಒಂದು ಇನ್ನೊಂದನ್ನು ಮೂಲೆಗಟ್ಟುತ್ತದೆ. ಐದಾರು ಮೀನು, 200 ಲೀಟರಿಗಿಂತ ದೊಡ್ಡ ತೊಟ್ಟಿ, ವಾರವಾರ ನೀರು ಬದಲಾವಣೆ. ಇಷ್ಟು ಆಗದಿದ್ದರೆ ಗಪ್ಪಿ ಸಾಕಿ, ಅವಮಾನವೇನಿಲ್ಲ.

ಮರಿಗಳಿಗೆ ತನ್ನ ಮೈಯ ಲೋಳೆಯನ್ನೇ ಉಣಿಸಿ ಬೆಳೆಸುವ ಮೀನಿದು. ಅದಕ್ಕಾಗಿ ನಾವು ಒಂದು ತಿಂಗಳು ಕಾಯಲಾರೆವೇ? ಮೊದಲು ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಕುರ್ಲಾದ ಮೀನು ಬಜಾರಿಗೆ ಹೊರಡಿ.