ಗುಡ್ಡೆ ಹತ್ತಿ ಓಡುವುದು ಜಿಗಿತದ ತರಬೇತಿಯೇ?

ಶಾಲಾ ಕ್ರೀಡಾಕೂಟದ ದಿನಗಳು ಹತ್ತಿರವಾದಂತೆ ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ಮುಂಜಾನೆ ಮಕ್ಕಳು ಓಡುವುದನ್ನು ತಾವೆಲ್ಲರೂ ಕಂಡಿರಬಹುದು. ಈ ಓಟಕ್ಕೆ ಕೆಲವರು 'ಪ್ಲಯೋಮೆಟ್ರಿಕ್' ಎಂಬ ದೊಡ್ಡ ಹೆಸರನ್ನು ಕೊಡುವುದುಂಟು. ಹೆಸರು ಯಾವುದಾದರೇನು ಎನ್ನುವಂತಿಲ್ಲ. ಗುಡ್ಡೆ ಹತ್ತಿದಾಗಲೇ ಜಿಗಿತದ ಅಭ್ಯಾಸವೂ ಆಯಿತೆಂದು ನಂಬಿ, ಮರುವಾರವೇ ಹುಡುಗರನ್ನು ಎತ್ತರದ ಕಟ್ಟೆಯಿಂದ ಹಾರಿಸತೊಡಗಿದರೆ ಕೆಡುವುದು ಅವರ ಮೊಣಕಾಲು. ಗುಡ್ಡೆ ಹತ್ತುವ ಓಟ ಬಹಳ ಒಳ್ಳೆಯ ವ್ಯಾಯಾಮ. ಆದರೆ ಅದು ಪ್ಲಯೋಮೆಟ್ರಿಕ್ ಅಲ್ಲವೆಂದೇ ನನ್ನ ಅಭಿಪ್ರಾಯ.

ರಬ್ಬರ್ ಪಟ್ಟಿಯನ್ನು ಎಳೆದು ಬಿಟ್ಟರೆ ಅದು ರಪ್ಪನೆ ಹಿಂದಕ್ಕೆ ಬರುತ್ತದಲ್ಲವೇ? ಮೇಲಿನಿಂದ ನೆಲಕ್ಕೆ ಹಾರಿದಾಗ ನಮ್ಮ ಸ್ನಾಯುಗಳೂ ಸ್ನಾಯುರಜ್ಜುಗಳೂ ಹಾಗೆಯೇ ಹಿಗ್ಗುತ್ತವೆ. ಒಡನೆಯೇ, ಸೆಕೆಂಡಿನ ಕಾಲು ಭಾಗದೊಳಗೆ, ಕುಗ್ಗಿ ದೇಹವನ್ನು ಪುನಃ ಮೇಲಕ್ಕೆ ಚಿಮ್ಮಿಸುತ್ತವೆ. ಈ ಗುಣವನ್ನು ಬೆಳೆಸುವ ಅಭ್ಯಾಸವೇ ಪ್ಲಯೋಮೆಟ್ರಿಕ್. ಎತ್ತರದಿಂದ ಹಾರಿ ತಕ್ಷಣ ಮೇಲಕ್ಕೆ ನೆಗೆಯುವ ಕ್ರಮವನ್ನು 1960ರ ದಶಕದಲ್ಲಿ ಸೋವಿಯತ್ ದೇಶದ ಯೂರಿ ವೆರ್ಖೊಶಾನ್ಸ್ಕಿ ರೂಪಿಸಿದರು. ಅದು ಮೊದಲೇ ಚೆನ್ನಾಗಿ ಬಲಗೊಂಡ ಕ್ರೀಡಾಪಟುಗಳಿಗಾಗಿ ಇದ್ದ ಕ್ರಮವೆಂಬುದನ್ನು ನಾವು ಮರೆಯುತ್ತೇವೆ.

ಗುಡ್ಡೆ ಹತ್ತುವಾಗ ಆಗುವುದು ಬೇರೆ. ಮುಂದಿಟ್ಟ ಪಾದಕ್ಕೆ ನೆಲ ಬೇಗನೆ, ಎತ್ತರದಲ್ಲೇ ಸಿಗುತ್ತದೆ. ದೇಹ ಕೆಳಗೆ ಬೀಳುವುದು ಅತ್ಯಲ್ಪ, ಆದ್ದರಿಂದ ಸ್ನಾಯು ಹಿಗ್ಗುವುದೂ ಅಲ್ಪ. ಕುಗ್ಗಿ ಭಾರವನ್ನು ಮೇಲಕ್ಕೆ ತಳ್ಳುವುದೇ ಅದರ ಮುಖ್ಯ ಕೆಲಸ. ಹೃದಯಕ್ಕೆ, ಶ್ವಾಸಕ್ಕೆ, ತೊಡೆಯ ಬಲಕ್ಕೆ ಇದು ಒಳ್ಳೆಯದು. ಕೀಲುಗಳಿಗೆ ಪೆಟ್ಟೂ ಕಡಿಮೆ. ಮೀನಖಂಡದ ಕೆಳಗಿನ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಸ್ವಲ್ಪ ಹಿಗ್ಗುತ್ತದೆಯೆಂದು ವಾದಿಸುವವರಿದ್ದಾರೆ. ಅದು ನಿಜವೇ. ಆದರೆ ಆ ಲೆಕ್ಕದಲ್ಲಿ ಪೇಟೆಗೆ ನಡೆದು ಹೋಗುವುದನ್ನೂ ಪ್ಲಯೋಮೆಟ್ರಿಕ್ ಎನ್ನಬೇಕಾದೀತು.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದ್ದರು. ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈ ಮನುಷ್ಯ ಆಕ್ಲೆಂಡ್ ಬಳಿಯ ಗುಡ್ಡಗಳಲ್ಲಿ ನೆರೆಹೊರೆಯ ಹುಡುಗರನ್ನು ಓಡಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿಯೂ ಒಂದೇ ದಿನ ಚಿನ್ನ ಗೆದ್ದರು. ಲಿಡಿಯಾರ್ಡರ ಕ್ರಮದಲ್ಲಿ ಮೊದಲು ತಿಂಗಳುಗಟ್ಟಲೆ ದೀರ್ಘ ಓಟ, ವಾರಕ್ಕೆ ಸುಮಾರು 160 ಕಿಲೋಮೀಟರ್. ಅದಾದ ನಂತರವೇ ಕೆಲವು ವಾರಗಳ ಗುಡ್ಡದ ಅಭ್ಯಾಸ. ಅದೂ ಬರಿಯ ಓಟವಲ್ಲ: ಮೊಣಕಾಲೆತ್ತಿ, ಮುಂಗಾಲಿನಿಂದ ನೆಲವನ್ನು ಒದ್ದು, ಚಿಮ್ಮುತ್ತಾ ಏರುವುದು. ಇಂತಹ ಚಿಮ್ಮು ಹೆಜ್ಜೆಯನ್ನು ಪ್ಲಯೋಮೆಟ್ರಿಕ್ ಎನ್ನಲು ನನ್ನ ಆಕ್ಷೇಪವಿಲ್ಲ. ಏರು ನೆಲದಲ್ಲಿ ಬೀಳುವ ಎತ್ತರ ಕಡಿಮೆಯಾದ್ದರಿಂದ ಜಿಗಿತ ಕಲಿಯಲು ಅದೇ ಸೌಮ್ಯವಾದ ಆರಂಭವೂ ಹೌದು.

ಹೆಚ್ಚಿನ ಜಾಗ್ರತೆ ಬೇಕಾದದ್ದು ಇಳಿಯುವಾಗ. ಸೊಪ್ಪಿನ ಹೊರೆ ಹೊತ್ತು ಗುಡ್ಡೆ ಇಳಿದವರಿಗೆ ಮರುದಿನದ ತೊಡೆನೋವು ಗೊತ್ತು. ಬ್ರೇಕ್ ಹಾಕುವಂತೆ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯುವುದರಿಂದ ಆ ನೋವು. ಒಂದೆರಡು ದಿನಗಳ ಬಳಿಕ ಅದು ಹೆಚ್ಚಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದುದರಿಂದ ಮಕ್ಕಳು ಓಡಿ ಹತ್ತಲಿ, ನಡೆದು ಇಳಿಯಲಿ. ಅರುವತ್ತು ಮೀಟರಿನ ಸಾಧಾರಣ ಏರು, ಆರು ಸಲ, ವಾರಕ್ಕೆ ಎರಡು ದಿನ ಸಾಕು. ಒಂದೆರಡು ತಿಂಗಳು ಹೀಗೆ ನಡೆದ ಮೇಲೆ ಹತ್ತು ಹನ್ನೆರಡು ಚಿಮ್ಮು ಹೆಜ್ಜೆ ಸೇರಿಸಬಹುದು. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಯಾವುದೂ ಬೇಡ.

ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ, ಎಲುಬಿಗೆ ಸ್ನಾಯುರಜ್ಜು ಸೇರುವಲ್ಲಿ, ನೋವು ಹಾಗೂ ಉಬ್ಬು ಕಾಣಿಸಿಕೊಳ್ಳುವುದುಂಟು. ಹೆಚ್ಚು ಓಡುವ, ಹಾರುವ ಮಕ್ಕಳಲ್ಲಿ ಇದು ಸಾಮಾನ್ಯ. ಸೋಮಾರಿತನದ ನೆಪವೆಂದು ಗದರಿಸದೆ ಜಿಗಿತವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಗನು ಅಡಿಕೆ ಗೋಣಿ ಹೊತ್ತು ನಾಲ್ಕು ಸಲ ತೋಟದ ದಾರಿ ಹತ್ತಿ ಇಳಿದ ದಿನವಾದರೆ, ಸಂಜೆಯ ಅಭ್ಯಾಸಕ್ಕೆ ರಜೆ ಕೊಡುವಂತೆ ಮಾಸ್ತರರಿಗೆ ಒಂದು ಚೀಟಿ ಬರೆದು ಕಳುಹಿಸಿ.